ಮುಟ್ಟದೆ ಕಲಿಸಲಾಗದ ವಿದ್ಯೆ

1855ರಲ್ಲಿ, ಕ್ರೈಸ್ತ ಮಿಷನರಿಗಳು ನಡೆಸುತ್ತಿದ್ದ 'ಜ್ಞಾನೋದಯ' ಎಂಬ ಮರಾಠಿ ಪತ್ರಿಕೆಯಲ್ಲಿ ಒಂದು ಪ್ರಬಂಧ ಎರಡು ಕಂತುಗಳಲ್ಲಿ ಅಚ್ಚಾಯಿತು. ಬರೆದವಳು ಮುಕ್ತಾ ಸಾಳ್ವೆ. ಪುಣೆಯಲ್ಲಿ ಜೋತಿಬಾ ಫುಲೆ, ಸಾವಿತ್ರಿಬಾಯಿ ಫುಲೆ ಅವರ ಶಾಲೆಯಲ್ಲಿ ಓದುತ್ತಿದ್ದ ಮಾಂಗ ಜಾತಿಯ ಹುಡುಗಿ. ವಯಸ್ಸು ಹದಿನಾಲ್ಕರ ಆಸುಪಾಸು. ಮಾಂಗ-ಮಹಾರರ ದುಃಖ ಆ ಪ್ರಬಂಧದ ವಸ್ತು. ಅದರಲ್ಲಿ ಅವಳು ಹೇಳುವ ಒಂದು ಸಂಗತಿ ಇದು: ಪೇಶ್ವೆಗಳ ಕಾಲದಲ್ಲಿ ಮಾಂಗನೋ ಮಹಾರನೋ ತಾಲೀಮಿನ ಮುಂದೆ ಹಾದುಹೋದದ್ದು ಕಂಡರೆ ಅವನ ತಲೆ ಕಡಿಯುತ್ತಿದ್ದರು, ಗುಲ್‌ಟೇಕಡಿಯ ಬಯಲಿನಲ್ಲಿ ಕತ್ತಿಯನ್ನೇ ದಾಂಡು ಮಾಡಿಕೊಂಡು ಆ ತಲೆಯನ್ನು ಚೆಂಡಾಡುತ್ತಿದ್ದರು.

ಪೇಶ್ವಾಯಿ ಮುಗಿದದ್ದು 1818ರಲ್ಲಿ. ಮುಕ್ತಾ ಕಣ್ಣಾರೆ ಕಂಡದ್ದನ್ನು ಬರೆದಿಲ್ಲ, ಮನೆಯ ಹಿರಿಯರ ಬಾಯಲ್ಲಿ ಕೇಳಿದ್ದನ್ನು ಬರೆದಿದ್ದಾಳೆ. ದಫ್ತರದ ಕಾಗದ ಹುಡುಕುವ ಇತಿಹಾಸಕಾರರು ಇದಕ್ಕೆ ಪುರಾವೆ ಕೇಳಬಹುದು, ಕೇಳಲಿ. ನಾವು ಗಮನಿಸಬೇಕಾದದ್ದು ಜಾಗವನ್ನು. ಗುಡಿಯ ಮುಂದೆ ಅಲ್ಲ, ಬಾವಿಯ ಮುಂದೆ ಅಲ್ಲ, ತಾಲೀಮಿನ ಮುಂದೆ. ತಾಲೀಮು ಅಂದರೆ ನಮ್ಮ ಗರಡಿಮನೆ. ಗುಡಿ, ಕೆರೆ, ಹೋಟೆಲು, ಅಗ್ರಹಾರ ಇವುಗಳ ಬಾಗಿಲಲ್ಲಿ ನಮ್ಮವರು ಅನುಭವಿಸಿದ್ದನ್ನು ದಲಿತ ವಿಮರ್ಶೆ ಸಾಕಷ್ಟು ಬರೆದಿದೆ. ಗರಡಿಮನೆಯ ಬಾಗಿಲ ಬಗ್ಗೆ ಬರೆದದ್ದು ಕಡಿಮೆ. ಅಕ್ಷರದ ಬಾಗಿಲು ಮುಚ್ಚಿದವರು ಮೈಯ ವಿದ್ಯೆಯ ಬಾಗಿಲನ್ನು ತೆರೆದಿಟ್ಟಿದ್ದರೇನು? ಹಾಗೆ ನಾವೂ ನಂಬಿಕೊಂಡು ಬಂದಂತಿದೆ. 'ಅವರಿಗೆ ತಲೆ, ನಮಗೆ ತೋಳು' ಅನ್ನುವ ಹಳೆಯ ಹಂಚಿಕೆಯನ್ನು ಬೈಯುತ್ತಲೇ ಒಪ್ಪಿಕೊಂಡಿದ್ದೇವೆ. ತೋಳು ನಮ್ಮದು ನಿಜ. ಆ ತೋಳನ್ನು ಬೀಸುವ ವಿದ್ಯೆ ಯಾರ ಕೈಯಲ್ಲಿತ್ತು?

ಅದೇ ಪುಣೆಯಲ್ಲಿ ಅದೇ ಮಾಂಗ ಜಾತಿಯವರೊಬ್ಬರು ತಾಲೀಮು ನಡೆಸುತ್ತಿದ್ದರು ಎಂಬುದು ಈ ಕತೆಯ ಇನ್ನೊಂದು ತುದಿ. ಲಹೂಜಿ ಸಾಳ್ವೆ. ಜನ ಅವರನ್ನು ವಸ್ತಾದ್ ಅಂತಲೇ ಕರೆದರು, ಅಂದರೆ ನಮ್ಮ ಉಸ್ತಾದ್. ತಂದೆ ರಾಘೋಜಿ ಪೇಶ್ವೆಗಳ ಚಾಕರಿಯಲ್ಲಿದ್ದು 1817ರ ಖಡಕಿ ಯುದ್ಧದಲ್ಲಿ ಸತ್ತರು. ಮಗ ಬ್ರಿಟಿಷರ ಆಳ್ವಿಕೆಯ ಪುಣೆಯಲ್ಲಿ ಕುಸ್ತಿ, ದಾಂಡಪಟ್ಟ, ಗುರಿ ಹೊಡೆಯುವುದು ಇವನ್ನೆಲ್ಲ ಕಲಿಸಿದರು. ಕಲಿಯಲು ಬಂದವರಲ್ಲಿ ಫುಲೆ ಇದ್ದರು. 'ಗುಲಾಮಗಿರಿ'ಯಲ್ಲಿ (1873) ಫುಲೆ ತಾವೇ ಲಹೂಜಿಯ ಹೆಸರು ಹಿಡಿದು ಇದನ್ನು ಹೇಳುತ್ತಾರೆ. ಮುಂದೆ ಬ್ರಿಟಿಷರ ವಿರುದ್ಧ ಬಂಡೆದ್ದ ವಾಸುದೇವ ಬಳವಂತ ಫಡಕೆ ಕೂಡ ಇದೇ ಉಸ್ತಾದರ ಶಿಷ್ಯರೆಂದು ಮಹಾರಾಷ್ಟ್ರ ನೆನೆಯುತ್ತದೆ. ಫಡಕೆ ಬ್ರಾಹ್ಮಣರು. ಮಾಂಗನ ತಾಲೀಮಿನ ಮುಂದೆ ಬ್ರಾಹ್ಮಣ ಹಾದುಹೋದರೆ ತಲೆ ಹೋಗಲಿಲ್ಲ, ಪಟ್ಟು ಕಲಿತುಕೊಂಡು ಹೋದ. ಲಹೂಜಿ ಗುರುದಕ್ಷಿಣೆಯಾಗಿ ಯಾರ ಬೆರಳನ್ನೂ ಕೇಳಿದ ಸುದ್ದಿ ಇಲ್ಲ. ಬದಲಿಗೆ ತಮ್ಮ ಕೇರಿಯ ಮಕ್ಕಳನ್ನು ಫುಲೆಯ ಶಾಲೆಗೆ ಕಳಿಸಿದರು, ಆ ಶಾಲೆಗೆ ಕಾವಲಾದರು. ಮುಕ್ತಾ ಅವರ ಬಂಧುವಿನ ಮನೆಯ ಹುಡುಗಿ ಎಂದೇ ಹೇಳುತ್ತಾರೆ. ಮೈಯ ಗುರು ಅಕ್ಷರಕ್ಕೆ ಕಾವಲು ನಿಂತ. ಅಕ್ಷರ ಕಲಿತ ಹುಡುಗಿ ತಾಲೀಮಿನ ಬಾಗಿಲ ಕತೆಯನ್ನು ಕಾಗದಕ್ಕಿಳಿಸಿದಳು. ಪುಸ್ತಕದ ಕಲಿಕೆ, ಗುರುಮುಖದ ಕಲಿಕೆ ಅಂತ ಎರಡನ್ನು ಎದುರುಬದುರು ನಿಲ್ಲಿಸಿ ಜಗಳ ಹಚ್ಚುವವರು ಪುಣೆಯ ಈ ಓಣಿಯನ್ನು ಒಮ್ಮೆ ನೋಡಬೇಕು.

ದಾಂಡಪಟ್ಟದ ವಿಷಯ ಒಂದಿಷ್ಟು ಹೇಳಬೇಕು, ಯಾಕೆಂದರೆ ವಾದ ನಿಂತಿರುವುದೇ ಇಂಥ ವಿವರದ ಮೇಲೆ. ಪಟ್ಟ ಅಂದರೆ ಉದ್ದನೆಯ, ಬಳುಕುವ ಅಲಗು. ಅದರ ಹಿಡಿ ಮುಂಗೈಯನ್ನೇ ಮುಚ್ಚುವ ಕಬ್ಬಿಣದ ಕವಚ. ಕೈ ಒಳಗೆ ಹೋದಮೇಲೆ ಮಣಿಕಟ್ಟು ತಿರುಗುವುದಿಲ್ಲ. ಬೀಸು ಹೆಗಲಿನಿಂದ, ಸೊಂಟದಿಂದ, ಪಾದದ ತಿರುಗಿನಿಂದ ಬರಬೇಕು. ಇದನ್ನು ಬರೆದು ತಿಳಿಸಬಹುದು, ಈಗ ತಾನೆ ತಿಳಿಸಿದೆ. ಓದಿದವರಿಗೆ ಪಟ್ಟ ಬೀಸಲು ಬಂತೇ? ಸೊಂಟ ಯಾವ ಗಳಿಗೆಯಲ್ಲಿ ತಿರುಗಬೇಕು, ಹೆಜ್ಜೆ ಮುಂಚೆಯೋ ಅಲಗು ಮುಂಚೆಯೋ, ಎದುರಿನವನು ಒಳಗೆ ನುಗ್ಗಿದರೆ ಏನು, ಇದೆಲ್ಲ ಉಸ್ತಾದ್ ಬಂದು ಹೆಗಲು ಹಿಡಿದು ತಿರುಗಿಸಿದಾಗಲೇ ಮೈಗೆ ಗೊತ್ತಾಗುವುದು. ಕುಸ್ತಿಯಲ್ಲಂತೂ ಇನ್ನೂ ಹೆಚ್ಚು. ಅಲ್ಲಿ ಇನ್ನೊಬ್ಬನ ಕತ್ತು, ಸೊಂಟ, ತೊಡೆ ಇವೇ ಪಾಠದ ಪುಸ್ತಕ. ಎದುರಾಳಿಯ ಬೆವರು ನಿನ್ನ ಮೈಗೆ ಹತ್ತಬೇಕು, ನೀನು ಹೊರಳಿದ ಮಟ್ಟಿಯಲ್ಲೇ ಅವನೂ ಹೊರಳಬೇಕು.

ಅಂದರೆ ಇದು ಮುಟ್ಟದೆ ಕಲಿಸಲಾಗದ ವಿದ್ಯೆ. ವೇದವನ್ನಾದರೂ ಮರೆಯಲ್ಲಿ ನಿಂತು ಕದ್ದು ಕೇಳಬಹುದು. ಕೇಳಿದವನ ಕಿವಿಗೆ ಸೀಸ ಹುಯ್ಯಲು ಧರ್ಮಶಾಸ್ತ್ರದವರು ವಿಧಿಸಿದ್ದೂ ಅದು ಕಿವಿಗೆ ಬೀಳಬಲ್ಲದೆಂಬ ಭಯಕ್ಕೆ. ಕುಸ್ತಿಯನ್ನು ಕದ್ದು ಕೇಳಲಾಗದು. ಅಸ್ಪೃಶ್ಯತೆ ಇರುವ ಊರಿನಲ್ಲಿ ಮೈಯ ವಿದ್ಯೆಗೆ ಬೇರೆ ನಿಷೇಧದ ಶ್ಲೋಕವೇ ಬೇಡ. ಮುಟ್ಟಬೇಡ ಅಂದರೆ ಸಾಕು, ವಿದ್ಯೆ ನಿಂತಿತು.

ಈ ಮಾತನ್ನು ಹಿಡಿದುಕೊಂಡು ಏಕಲವ್ಯನ ಹತ್ತಿರ ಹೋಗೋಣ.

ಏಕಲವ್ಯನ ಬಗ್ಗೆ ನಮ್ಮಲ್ಲಿ ಆಗಿರುವಷ್ಟು ಬರವಣಿಗೆ ಶಂಬೂಕನ ಬಗ್ಗೆಯೂ ಆಗಿಲ್ಲವೇನೋ. ಎಲ್ಲ ಬರವಣಿಗೆಯೂ ಹೆಬ್ಬೆರಳಿನ ಮೇಲೆ ಕೂತಿದೆ. ಕುವೆಂಪು 1947ರ 'ಬೆರಳ್‌ಗೆ ಕೊರಳ್' ನಾಟಕದಲ್ಲಿ ಬೆರಳಿಗೆ ಬದಲು ಕೊರಳನ್ನು ಕೇಳಿಸಿ ಕರ್ಮದ ಲೆಕ್ಕ ತೀರಿಸಿದರು. ಆಮೇಲಿನ ನಮ್ಮ ಕವಿಗಳು ಬೆರಳನ್ನು ವಾಪಸು ಕೇಳಿದರು, ಕೇಳಬೇಕಾದ್ದೇ. ಆದರೆ ಒಂದು ಸಣ್ಣ ಪ್ರಶ್ನೆ ಉಳಿದುಬಿಟ್ಟಿತು. ಬಿಲ್ವಿದ್ಯೆಯೇ ಯಾಕೆ? ದ್ರೋಣನ ಹತ್ತಿರ ಗದೆ ಇತ್ತು, ಖಡ್ಗ ಇತ್ತು, ಮಲ್ಲಯುದ್ಧವೂ ಇತ್ತು. ಮಹಾಭಾರತದ ಕವಿ ನಿಷಾದನ ಮಗನಿಗೆ ಬಿಲ್ಲನ್ನೇ ಕೊಟ್ಟ. ಯಾಕೆಂದರೆ ಬಿಲ್ಲು ಒಂಟಿ ವಿದ್ಯೆ. ಮಣ್ಣಿನ ಗುರುವನ್ನು ನಿಲ್ಲಿಸಿಕೊಂಡು ಕಾಡಿನಲ್ಲಿ ಒಬ್ಬನೇ ಮರಕ್ಕೆ ಗುರಿಯಿಟ್ಟು ಕಲಿಯಬಹುದು. ತಪ್ಪಿದರೆ ಬಾಣವೇ ಹೇಳುತ್ತದೆ ತಪ್ಪಿತು ಅಂತ, ಗುರು ಹೇಳಬೇಕಿಲ್ಲ. ಬೊಗಳುವ ನಾಯಿಯ ಬಾಯಿಗೆ ಏಳು ಬಾಣ ತುಂಬಿದಾಗಲೂ ಏಕಲವ್ಯ ಯಾರನ್ನೂ ಮುಟ್ಟಲಿಲ್ಲ, ಅವನನ್ನೂ ಯಾರೂ ಮುಟ್ಟಲಿಲ್ಲ. ಮಣ್ಣಿನ ದ್ರೋಣನ ಜೊತೆ ಕುಸ್ತಿ ಆಡಿ ಕಲಿತ ಏಕಲವ್ಯನ ಕತೆಯನ್ನು ಯಾವ ಕವಿಯೂ ಕಟ್ಟಲಾರ. ಮಣ್ಣು ತಿರುಗಿ ಹಿಡಿಯುವುದಿಲ್ಲವಲ್ಲ.

ಮಣ್ಣಿನ ದ್ರೋಣನನ್ನು ನಾನು ಪುಸ್ತಕದ ಹಾಗೆ ಓದುತ್ತೇನೆ. ಗುರುವಿನ ರೂಪ ಇದೆ, ಅವನ ಕೈ ಇಲ್ಲ. ಅದನ್ನು ನೋಡಿ ಕಲಿಯಬಹುದು. ಅದು ನಿನ್ನನ್ನು ನೋಡುವುದಿಲ್ಲ. ಆ ದೃಷ್ಟಿಯಲ್ಲಿ ಏಕಲವ್ಯ ನಮ್ಮ ಮೊದಲ ಸ್ವಯಂಶಿಕ್ಷಿತ. ಅವನನ್ನು ಹೊಗಳುವವರು ಈ ಸ್ವಯಂಶಿಕ್ಷಣವನ್ನೇ ಎತ್ತಿ ಹೊಗಳುತ್ತಾರೆ: 'ಗುರು ಇಲ್ಲದೆಯೂ ಸಾಧಿಸಿದ, ನೀವೂ ಸಾಧಿಸಿ' ಅಂತ. ಈ ಹೊಗಳಿಕೆಯಲ್ಲಿ ಒಂದು ಮೋಸ ಇದೆ. ಬಾಗಿಲು ಮುಚ್ಚಿದವನ ತಪ್ಪನ್ನು ಅದು ಹೊರಗೆ ನಿಂತವನ ಗುಣವನ್ನಾಗಿ ಮಾಡಿಬಿಡುತ್ತದೆ.

ಇದು ಬರೀ ನನ್ನ ಅನುಮಾನವಲ್ಲ, ಪುರಾಣದವರೇ ಬರೆದಿಟ್ಟಿದ್ದಾರೆ. ಅಗ್ನಿಪುರಾಣದಲ್ಲಿ ಧನುರ್ವೇದ ಹೇಳುವ ಭಾಗವೊಂದಿದೆ. ಅದರ ಪ್ರಕಾರ ಆಯುಧವಿದ್ಯೆಗೆ ಬ್ರಾಹ್ಮಣನೇ ಗುರು, ಅದೂ ಎರಡು ವರ್ಣಗಳಿಗೆ. ಶೂದ್ರನಿಗೆ? ಅವನಿಗೂ ಯುದ್ಧದ ಅಧಿಕಾರ ಉಂಟು. ಆದರೆ ಆಪತ್ತು ಬಂದಾಗ, ತಾನೇ ಕಲಿತುಕೊಂಡು! ಗಮನಿಸಿ: ಹೊಡೆದಾಡಬೇಡ ಅನ್ನಲಿಲ್ಲ. ಅರಮನೆಗೆ ಬೆಂಕಿ ಬಿದ್ದಾಗ ಬಾ ಅನ್ನುತ್ತದೆ, ಕಲಿಯಲು ಬರಬೇಡ ಅನ್ನುತ್ತದೆ. ಸ್ವಯಂಶಿಕ್ಷಣ ಎಂಬುದು ಅಲ್ಲಿ ಸ್ವಾತಂತ್ರ್ಯವಲ್ಲ, ಶಾಸ್ತ್ರವೇ ವಿಧಿಸಿದ ದರ್ಜೆ. ಶೂದ್ರನ ನಂತರದವನ ಮಾತನ್ನು ಆ ಶ್ಲೋಕ ಎತ್ತುವುದೇ ಇಲ್ಲ.

ಹಾಗಾದರೆ ಬರೆದಿಟ್ಟ ಕೈಪಿಡಿಗಳಲ್ಲಿ ಏನಿತ್ತು? ನಮ್ಮ ನೆಲದ್ದೇ ಒಂದನ್ನು ತೆಗೆದುಕೊಳ್ಳಿ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದ ಎಂಬ ಭಾಗವಿದೆ. ಜಟ್ಟಿಗಳಲ್ಲಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಳ ಎಂಬ ದರ್ಜೆಗಳು, ಅವರಿಗೆ ಏನು ತಿನ್ನಿಸಬೇಕು, ಹೇಗೆ ಸಾಮು ಮಾಡಿಸಬೇಕು ಎಲ್ಲ ಅಲ್ಲಿದೆ. ಆದರೆ ಹೆಸರು ನೋಡಿ, ವಿನೋದ! ಇದು ಮಟ್ಟಿಯಲ್ಲಿ ಹೊರಳುವವನಿಗೆ ಬರೆದದ್ದಲ್ಲ, ಮೇಲೆ ಪೀಠದಲ್ಲಿ ಕೂತು ನೋಡುವವನಿಗೆ ಬರೆದದ್ದು. ಆನೆಯನ್ನೂ ಕೋಳಿಯನ್ನೂ ಕಾಳಗಕ್ಕೆ ಬಿಟ್ಟು ನೋಡುವ ವಿನೋದಗಳ ಸಾಲಿನಲ್ಲೇ ಜಟ್ಟಿಯೂ ಬರುತ್ತಾನೆ. ಗುಜರಾತಿನ ಮೊಢೇರಾದ ಜ್ಯೇಷ್ಠಿಮಲ್ಲರ 'ಮಲ್ಲಪುರಾಣ' ಎಂಬ ಇನ್ನೊಂದು ಗ್ರಂಥವಿದೆ. ಬರೋಡಾದಿಂದ 1964ರಲ್ಲಿ ಅಚ್ಚಾಯಿತು. ಅದರಲ್ಲಿ ಪಟ್ಟುಗಳ, ಸಾಮಿನ ವಿವರ ಇರುವಷ್ಟೇ ಗಟ್ಟಿಯಾಗಿ ಇರುವುದು ಹುಟ್ಟಿನ ಕತೆ: ಈ ವಿದ್ಯೆ ನಮ್ಮ ಕುಲಕ್ಕೆ ಕೃಷ್ಣನೇ ಕೊಟ್ಟದ್ದು ಅಂತ. ಕೈಪಿಡಿ ಅಂದುಕೊಂಡು ಬಿಚ್ಚಿದರೆ ಹಕ್ಕುಪತ್ರ! ಮೈಸೂರಿನ ಅರಮನೆಯಲ್ಲಿ ದಸರೆಯ ಹೊತ್ತಿಗೆ ತಲೆ ಬೋಳಿಸಿದ ಜಟ್ಟಿಗಳು ವಜ್ರಮುಷ್ಟಿ ಹಿಡಿದು, ತಲೆಯಿಂದ ರಕ್ತ ಚಿಮ್ಮುವವರೆಗೆ ಕಾದಾಡುವ ಪದ್ಧತಿಯೂ ಕುಲದ ಹಕ್ಕಾಗಿಯೇ ನಡೆದು ಬಂದದ್ದು.

ಗುರುಮುಖ ಅಂತ ನಾವು ಗೌರವದಿಂದ ಕರೆಯುವುದರ ಒಳಗೆ ಹೀಗೆ ಒಂದು ವಂಶವೃಕ್ಷ ಅಡಗಿರುತ್ತದೆ. ಅಚ್ಚಿನ ಪುಸ್ತಕ ಬಂದಾಗ ಈ ಗುಟ್ಟು ಒಡೆಯಬೇಕಿತ್ತು. ಸ್ವಲ್ಪ ಮಟ್ಟಿಗೆ ಒಡೆಯಿತು.

ಇಪ್ಪತ್ತನೇ ಶತಮಾನದ ಮೊದಲ ಅರ್ಧ ಅಂಗಸಾಧನೆಯ ಪುಸ್ತಕಗಳ ಕಾಲ. ಯುರೋಪಿನಿಂದ ಸ್ಯಾಂಡೋನ ಹೆಸರು, ಚಿತ್ರ, ಡಂಬೆಲ್ಲು ಎಲ್ಲ ಬಂದವು. ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ವ್ಯಾಯಾಮಶಾಲೆ ಕಟ್ಟಿದರು. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಬರೆದ ಅದೇ ಅಯ್ಯರ್. ಇಂಗ್ಲಿಷಿನಲ್ಲಿ ದೇಹದಾರ್ಢ್ಯದ ಪುಸ್ತಕಗಳನ್ನು ಬರೆದರು, ಅಂಚೆಯ ಮೂಲಕ ವ್ಯಾಯಾಮದ ಪಾಠ ಕಳಿಸಿದರು. ದುಡ್ಡು ಕಟ್ಟಿದವನಿಗೆ ಪಾಠ ಮನೆಗೆ ಬರುತ್ತದೆ. ಅಂಚೆಯವನು ಲಕೋಟೆಯನ್ನು ದೂರದಿಂದ ಎಸೆದಾನು, ಪಾಠವಂತೂ ಒಳಗೆ ಬಂತು. ಗರಡಿಯ ಬಾಗಿಲಲ್ಲಿ ಕೇಳುವ ಹಾಗೆ ಲಕೋಟೆ 'ನೀನು ಯಾರ ಪೈಕಿ' ಅಂತ ಕೇಳುವುದಿಲ್ಲ. ಮುದ್ರಣದ ಈ ಉಪಕಾರವನ್ನು ನಾವು ಕಡೆಗಣಿಸಬಾರದು. ಆದರೆ ಇಂಗ್ಲಿಷು ಬರಬೇಕು, ದುಡ್ಡಿರಬೇಕು, ಕನ್ನಡಿ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಬೆಳಗಿನ ಹೊತ್ತು ತನ್ನದಾಗಿರಬೇಕು. ಜೀತಗಾರನ ಬೆಳಗು ಅವನದಲ್ಲ. ಮತ್ತೂ ಒಂದು: ಆ ಪುಸ್ತಕಗಳು ಕಲಿಸಿದ್ದು ಮೈ ಕಟ್ಟುವುದನ್ನು, ಮೈ ಕಾಯುವುದನ್ನಲ್ಲ. ಉಬ್ಬಿದ ತೋಳು ಬೇರೆ, ಬಂದ ದೊಣ್ಣೆಯನ್ನು ತಡೆಯುವ ತೋಳು ಬೇರೆ.

ಇಲ್ಲೊಂದು ಸೋಜಿಗ. ಅಯ್ಯರ್ ಅವರ ಆಪ್ತ ಗೆಳೆಯ ಟಿ.ಪಿ. ಕೈಲಾಸಂ. ಒಬ್ಬರು ಅಂಚೆಯಲ್ಲಿ ಅಂಗಸಾಧನೆ ಕಲಿಸುತ್ತಿದ್ದ ಅದೇ ಬೆಂಗಳೂರಿನಲ್ಲಿ ಇನ್ನೊಬ್ಬರು ಏಕಲವ್ಯನನ್ನು ಕುರಿತು 'ದಿ ಪರ್ಪಸ್' ಎಂಬ ಇಂಗ್ಲಿಷ್ ನಾಟಕ ಬರೆದರು. ಆ ನಾಟಕದಲ್ಲಿ ಅರ್ಜುನನಿಗೆ ಬಿಲ್ಲು ಬೇಕಾಗಿರುವುದು ಜಗತ್ತಿನ ಮೊದಲ ಬಿಲ್ಲುಗಾರನಾಗಲು. ಏಕಲವ್ಯನಿಗೆ ಬೇಕಾಗಿರುವುದು ತನ್ನ ಕಾಡಿನ ಜಿಂಕೆಮರಿಗಳನ್ನು ತೋಳಗಳಿಂದ ಉಳಿಸಲು. ಏಕಲವ್ಯನ ವಿದ್ಯೆಯನ್ನು ಗುರುಭಕ್ತಿಯ ಕತೆಯಿಂದ ಬಿಡಿಸಿ ರಕ್ಷಣೆಯ ಕತೆಗೆ ತಂದವರು ಕೈಲಾಸಂ. ನಮ್ಮ ದಲಿತ ವಿಮರ್ಶೆ ಈ ನಾಟಕವನ್ನು ಬ್ರಾಹ್ಮಣ ಕರುಣೆ ಅಂತ ಬದಿಗೆ ಸರಿಸಿದರೆ ಅದು ಅವಸರದ ತೀರ್ಮಾನವಾಗುತ್ತದೆ. ಕರುಣೆ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಪ್ರಶ್ನೆ ಸರಿಯಾದದ್ದು: ಯಾತಕ್ಕೆ ಕಲಿಯುವುದು?

ನಿಜವಾದ ಹೊಡೆದಾಟದ ಕೈಪಿಡಿ ಬೇಕಿದ್ದರೆ ಬರೋಡಾಕ್ಕೆ ಹೋಗಬೇಕು. ಅಲ್ಲಿ ಡಿ.ಸಿ. ಮುಜುಂದಾರ್ ಸಂಪಾದಿಸಿದ ಮರಾಠಿಯ ವ್ಯಾಯಾಮ ಜ್ಞಾನಕೋಶ ಸಂಪುಟ ಸಂಪುಟವಾಗಿ ಬಂತು. 1950ರಲ್ಲಿ ಅದರ ಇಂಗ್ಲಿಷ್ ರೂಪವೂ ಬಂತು. ಕುಸ್ತಿ, ಲಾಠಿ, ಜಂಬಿಯಾ ಎಲ್ಲಕ್ಕೂ ಚಿತ್ರ, ವಿವರಣೆ. ಉಸ್ತಾದರು ಎದೆಯಲ್ಲಿಟ್ಟುಕೊಂಡು ಸತ್ತುಹೋಗುತ್ತಿದ್ದ ವಿದ್ಯೆಯನ್ನು ಹೀಗೆ ದಾಖಲೆಗೆ ತಂದದ್ದು ದೊಡ್ಡ ಕೆಲಸವೇ. ಆದರೆ ಇಂಥ ಯಾವ ಪುಸ್ತಕವನ್ನಾದರೂ ಬಿಚ್ಚಿ ನೋಡಿ. ಒಂದನೇ ಚಿತ್ರದಲ್ಲಿ ಎದುರಾಳಿ ದೊಣ್ಣೆ ಎತ್ತಿದ್ದಾನೆ. ಎರಡನೆಯದರಲ್ಲಿ ನೀನು ಅವನ ಮುಂಗೈ ಹಿಡಿದಿದ್ದೀಯ. ಮೂರರಲ್ಲಿ ಅವನು ನೆಲದ ಮೇಲೆ. ಒಂದಕ್ಕೂ ಎರಡಕ್ಕೂ ನಡುವೆ ಏನಾಯಿತು? ಅಲ್ಲಿ ಖಾಲಿ ಬಿಳಿ ಕಾಗದ. ತಲೆ ಒಡೆಯುವುದು ಆ ಬಿಳಿ ಜಾಗದಲ್ಲೇ. ಅದನ್ನು ತುಂಬಲು ಒಬ್ಬ ಜೊತೆಗಾರ ಬೇಕು: ನಿಜವಾಗಿ ಬೀಸುವವನು, ಆದರೆ ಬೀಳುವ ಮುಂಚೆ ಕೈ ತಡೆಯುವವನು. ಪುಸ್ತಕ ಗುರುವನ್ನು ತಪ್ಪಿಸಬಹುದು, ಜೊತೆಗಾರನನ್ನು ತಪ್ಪಿಸಲಾರದು. ದಲಿತರ ಮಟ್ಟಿಗೆ ಇದರ ಅರ್ಥ ಸರಳ. ಪುಸ್ತಕ ಕೊಂಡವನು ಕೇರಿಯಲ್ಲಿ ಇನ್ನೊಬ್ಬನನ್ನು ಕರೆದು ಎದುರು ನಿಲ್ಲಿಸಿಕೊಂಡರೆ ಅದೇ ತಾಲೀಮು. ಒಬ್ಬನೇ ಕೂತು ಓದಿದರೆ ಅದು ಮಣ್ಣಿನ ದ್ರೋಣ.

ದಲಿತರಿಗೆ ಶಿಸ್ತಾದ ಶಿಕ್ಷಣ ಮೊದಲು ದೊಡ್ಡ ಪ್ರಮಾಣದಲ್ಲಿ ಸಿಕ್ಕಿದ್ದು ಗರಡಿಯಲ್ಲಿ ಅಲ್ಲ, ಕಂಪನಿಯ ಪಲ್ಟನ್ನಿನಲ್ಲಿ. ಬೊಂಬಾಯಿ ಸೈನ್ಯದ ಮಹಾರರ ಚರಿತ್ರೆ, 1818ರ ಜನವರಿ 1ರ ಕೋರೆಗಾಂವ್ ಎಲ್ಲ ಓದುಗರಿಗೆ ಗೊತ್ತಿರುವುದೇ. ಇಲ್ಲಿ ಬೇಕಾದದ್ದು ಕವಾಯತಿನ ಸ್ವರೂಪ. ಕವಾಯತು ಅಚ್ಚಾದ ಪುಸ್ತಕದ ಪ್ರಕಾರ ನಡೆಯುತ್ತದೆ, ಆದರೆ ಹವಾಲ್ದಾರ ಎದುರು ನಿಂತು ಮೈ ತಿದ್ದುತ್ತಾನೆ. ಪುಸ್ತಕವೂ ಉಂಟು, ಗುರುವೂ ಉಂಟು, ವಂಶವೃಕ್ಷ ಇಲ್ಲ. ಅದೇ ಸೈನ್ಯ ಸಿಪಾಯಿಗಳಿಗೂ ಅವರ ಮಕ್ಕಳಿಗೂ ಓದು ಕಲಿಸಿತು. ಅಂಬೇಡ್ಕರರ ತಂದೆ ರಾಮಜಿ ಸಕ್ಪಾಲರು ಸುಬೇದಾರರು ಮಾತ್ರವಲ್ಲ, ಸೈನ್ಯದ ಶಾಲೆಯ ಮೇಷ್ಟರೂ ಹೌದು. ಲಹೂಜಿಯ ಓಣಿಯಲ್ಲಿ ಎರಡು ಮನೆಗಳಾಗಿದ್ದ ತಾಲೀಮು-ಶಾಲೆ ಇಲ್ಲಿ ಒಂದೇ ಮನೆಯಾಯಿತು, ಆ ಮನೆಯಲ್ಲಿ 1891ರಲ್ಲಿ ಮಗು ಹುಟ್ಟಿತು.

ಅಷ್ಟರಲ್ಲೇ ಬಾಗಿಲು ಮತ್ತೆ ಮುಚ್ಚಿತು. 1890ರ ದಶಕದಲ್ಲಿ ಬ್ರಿಟಿಷರು 'ವೀರ ಜಾತಿ'ಗಳ ಸಿದ್ಧಾಂತ ಹಿಡಿದು ಮಹಾರರ ಭರ್ತಿಯನ್ನು ನಿಲ್ಲಿಸಿದರು. ಯಾವ ಜಾತಿ ಹೊಡೆದಾಡಬಲ್ಲದು ಎಂದು ಸೈನ್ಯವೇ ಪುಸ್ತಕಗಳನ್ನು ಅಚ್ಚು ಹಾಕಿಸಿತು. ಕೈಪಿಡಿ ಅನ್ನುವುದು ವಿದ್ಯೆ ಕಲಿಸುವ ಬದಲು ಯಾರಿಗೆ ಕಲಿಸಬಾರದು ಅನ್ನುವುದನ್ನು ಕಲಿಸಿತು. ಅಗ್ನಿಪುರಾಣ ಇಂಗ್ಲಿಷಿನಲ್ಲಿ ಮತ್ತೆ ಅಚ್ಚಾದ ಹಾಗೆ! ಮೊದಲ ಮಹಾಯುದ್ಧ ಬಂದಾಗ, ಆಪತ್ಕಾಲವಲ್ಲವೇ, 1917ರಲ್ಲಿ ಮಹಾರರ ಪಲ್ಟನ್ನು ಕಟ್ಟಿದರು. 1921ರಲ್ಲಿ ವಿಸರ್ಜಿಸಿದರು. ಎರಡನೆಯ ಮಹಾಯುದ್ಧ ಬಂದಾಗ ಮತ್ತೆ ನೆನಪಾಯಿತು: 1941ರ ಅಕ್ಟೋಬರಿನಲ್ಲಿ ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ನಮ್ಮ ಬೆಳಗಾವಿಯಲ್ಲಿ ಹುಟ್ಟಿತು. ಅಂಬೇಡ್ಕರರು ಆ ವರ್ಷ ವೈಸರಾಯರ ರಕ್ಷಣಾ ಮಂಡಳಿಯಲ್ಲಿದ್ದು ಇದಕ್ಕಾಗಿ ಒತ್ತಾಯಿಸಿದ್ದರು.

ಕಲಿತ ಮೈ ಕಲಿಯದ ಮೈಗಿಂತ ಬೇರೆ ಥರ ವರ್ತಿಸುತ್ತದೆ ಅನ್ನುವುದಕ್ಕೆ ಮಹಾಡ್ ಸಾಕ್ಷಿ. 1927ರ ಮಾರ್ಚ್ 20ರಂದು ಚೌದಾರ್ ಕೆರೆಯ ನೀರು ಮುಟ್ಟಿ ಬಂದವರ ಮೇಲೆ ಸವರ್ಣರು ದೊಣ್ಣೆ ಹಿಡಿದು ಬಿದ್ದರು. ಊಟಕ್ಕೆ ಕೂತವರನ್ನೂ, ಊರಿಗೆ ಹೊರಟವರನ್ನೂ ಬಿಡಲಿಲ್ಲ. ದಲಿತರ ಗುಂಪಿನಲ್ಲಿ ಸೈನ್ಯದಿಂದ ನಿವೃತ್ತರಾದವರು ಇದ್ದರು. ಅವರಿಗೆ ಹೊಡೆಯಲು ಬರುತ್ತಿತ್ತು. ಬಾಬಾಸಾಹೇಬರ ಒಂದು ಮಾತಿಗೆ ಕಾದಿದ್ದರು. ಬಾಬಾಸಾಹೇಬರು ಆ ಮಾತು ಕೊಡಲಿಲ್ಲ. ಇದನ್ನು ಅಹಿಂಸೆ ಅಂತ ಕರೆದು ಗಾಂಧಿಯ ಖಾತೆಗೆ ಜಮಾ ಮಾಡುವವರಿದ್ದಾರೆ. ಹೊಡೆಯಲು ಬಾರದವನು ಸುಮ್ಮನಿರುವುದಕ್ಕೂ, ಹೊಡೆಯಬಲ್ಲವನು ಕೈ ತಡೆದುಕೊಳ್ಳುವುದಕ್ಕೂ ವ್ಯತ್ಯಾಸ ಇದೆ ಕಣ್ರೀ. ಮೊದಲನೆಯದು ಸಾವಿರಾರು ವರ್ಷ ನಡೆದದ್ದೇ. ಎರಡನೆಯದು ಅವತ್ತು ನಡೆಯಿತು. ಆಮೇಲೆ ಬಾಬಾಸಾಹೇಬರು ಕೇಸು ಹಾಕಿಸಿದರು, ಹಲ್ಲೆ ಮಾಡಿದವರಲ್ಲಿ ಕೆಲವರು ಜೈಲಿಗೆ ಹೋದರು. ಸಮತಾ ಸೈನಿಕ ದಳ ರೂಪುಗೊಂಡದ್ದು ಇದೇ ಕಾಲದಲ್ಲಿ. ಬಹಳ ವರ್ಷಗಳ ಮೇಲೆ, 1968ರಲ್ಲಿ, ಬಿ. ಶ್ಯಾಮಸುಂದರ್ ಗುಲ್ಬರ್ಗದಲ್ಲಿ ಭೀಮಸೇನೆ ಕಟ್ಟಿದಾಗಲೂ ಆತ್ಮರಕ್ಷಣೆಯನ್ನೇ ಅದರ ಕೆಲಸ ಎಂದರು. ಮುಂಬಯಿಯಲ್ಲಿ ದಲಿತ ಪ್ಯಾಂಥರ್ ಹುಟ್ಟುವುದಕ್ಕೆ ನಾಲ್ಕು ವರ್ಷ ಮೊದಲು. ಕರ್ನಾಟಕದ ದಲಿತ ಚಳವಳಿಯ ಕತೆಯನ್ನು 1973ರ ಬೂಸಾ ಪ್ರಕರಣದಿಂದಲೇ ಶುರುಮಾಡುವ ನಮ್ಮ ರೂಢಿಯಲ್ಲಿ ಕಲಬುರಗಿ ಹೊರಗೇ ಉಳಿದುಬಿಟ್ಟಿದೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಗಂಡಸರ ಕತೆ. ಪುಸ್ತಕ, ಗುರು ಎರಡೂ ಇಲ್ಲದವರ ಕತೆ ಹೆಂಗಸರದು, ಆ ಕತೆಗೆ ನಮ್ಮಲ್ಲಿ ಒಂದು ಹೆಸರಿದೆ: ಓಬವ್ವ. ಹೈದರಾಲಿ ಚಿತ್ರದುರ್ಗಕ್ಕೆ ಮುತ್ತಿಗೆ ಹಾಕಿದ ಕಾಲ. ಕಾವಲುಗಾರ ಮುದ್ದಹನುಮನ ಹೆಂಡತಿ, ಛಲವಾದಿ ಹೆಣ್ಣುಮಗಳು, ಗಂಡ ಉಣ್ಣುತ್ತಿದ್ದಾಗ ಕಿಂಡಿಯಲ್ಲಿ ನುಸುಳುತ್ತಿದ್ದ ಸಿಪಾಯಿಗಳನ್ನು ಒನಕೆಯಿಂದ ಹೊಡೆದುಹಾಕಿದಳು ಎಂದು ದುರ್ಗದ ಜನ ಹೇಳುತ್ತಾರೆ. ಈ ಕತೆಯನ್ನು ನಾವು 'ಶೌರ್ಯ' ಅಂತ ಹಾಡಿ ಮುಗಿಸುತ್ತೇವೆ. ಸ್ವಲ್ಪ ನಿಂತು ಒನಕೆಯನ್ನು ನೋಡಬೇಕು. ಭತ್ತ ಕುಟ್ಟುವ ಹೆಂಗಸು ದಿನಕ್ಕೆ ಎಷ್ಟು ಸಾರಿ ಒನಕೆ ಎತ್ತಿ ಇಳಿಸುತ್ತಾಳೆ? ಒಂದು ಕೈ ಸೋತರೆ ಇನ್ನೊಂದು ಕೈಗೆ ಬದಲಾಯಿಸುವುದು, ತೂಕವನ್ನು ತೋಳಿಗೆ ಬಿಡದೆ ಬೆನ್ನಿಗೆ ಕೊಡುವುದು, ಒರಳಿನ ಬಾಯಿಗೇ ಸರಿಯಾಗಿ ಬೀಳಿಸುವುದು, ಇಬ್ಬರು ಕುಟ್ಟುವಾಗ ಒಬ್ಬಳ ಒನಕೆ ಎದ್ದಾಗ ಇನ್ನೊಬ್ಬಳದು ಇಳಿಯುವುದು. ಪುಸ್ತಕ ಹೇಳಲಾಗದ ಆ ಬಿಳಿ ಜಾಗ ಇಲ್ಲಿ ತುಂಬಿದೆ. ಒರಳಿನ ಬಾಯಿಗೂ ಕಿಂಡಿಯ ಬಾಯಿಗೂ ಗುರಿ ಒಂದೇ ಅಳತೆಯದು. ಓಬವ್ವ ಏನನ್ನೂ ಕಲಿಯದೆ ಎದ್ದವಳಲ್ಲ, ಹುಟ್ಟಿದಾಗಿನಿಂದ ಕಲಿತವಳು. ದುಡಿಮೆಯನ್ನು ಶಾಲೆ ಅಂತ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ, ಅಷ್ಟೇ. ಕೊಡಲಿ ಹಿಡಿದವನ ಹೆಗಲು, ತೊಗಲು ಕೊಯ್ಯುವವನ ಕೈಯಳತೆ, ತಮಟೆ ಹೊಡೆಯುವವನ ಕಾಲಿನ ಲಯ ಇವೆಲ್ಲ ಮೈಯಲ್ಲೇ ಇರುವ ವರಸೆಗಳು. ಆದರೆ ಇದನ್ನು ವಿಪರೀತ ವೈಭವೀಕರಿಸಬಾರದು. ದುಡಿಮೆ ಬೆನ್ನನ್ನು ಗಟ್ಟಿ ಮಾಡುತ್ತದೆ, ಬಗ್ಗಿಸುವುದನ್ನೂ ಕಲಿಸುತ್ತದೆ. ಒನಕೆ ಕೈಯಲ್ಲಿದ್ದ ಎಲ್ಲರೂ ಅದನ್ನು ಎತ್ತಲಿಲ್ಲ. ಎತ್ತಬಾರದು ಎಂಬ ಪಾಠವನ್ನೂ ಅದೇ ಊರು, ಅದೇ ಗೌಡರ ಅಂಗಳ ದಿನವೂ ಹೇಳಿಕೊಡುತ್ತಿತ್ತು.

ಈಚಿನ ವರ್ಷಗಳಲ್ಲಿ ಕರ್ನಾಟಕ ಸರ್ಕಾರ ಓಬವ್ವನ ಹೆಸರಿನಲ್ಲೇ ವಸತಿಶಾಲೆ, ಹಾಸ್ಟೆಲುಗಳ ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆಯ ಕಲೆ ಕಲಿಸುವ ಯೋಜನೆ ತಂದಿದೆ. ಕರಾಟೆಯ ಮಾಸ್ತರರು ಬರುತ್ತಾರೆ, ಹುಡುಗಿಯರು ಸಾಲಾಗಿ ನಿಂತು ಗಾಳಿಗೆ ಗುದ್ದುತ್ತಾರೆ. ಒಳ್ಳೆಯದೇ, ಗರಡಿಯ ಬಾಗಿಲು ಕೇರಿಯ ಹುಡುಗಿಗೆ ತೆರೆದದ್ದು ಸಣ್ಣ ವಿಷಯವಲ್ಲ. ಆದರೆ ಅವಳ ಎದುರಾಳಿ ಯಾರು? ಕರಾಟೆಯ ಪಾಠದಲ್ಲಿ ಎದುರಾಳಿ ಕತ್ತಲೆ ಗಲ್ಲಿಯ ಅಪರಿಚಿತ. ಊರಿಗೆ ಹೋದಾಗ ಅವಳಿಗೆ ಎದುರಾಗುವವನು ಅಪರಿಚಿತನಲ್ಲ, ಅವಳ ಅಪ್ಪ ಕೂಲಿಗೆ ಹೋಗುವ ಹೊಲದ ಒಡೆಯನ ಮಗ. ಅವನ ಮುಂಗೈ ತಿರುಚಿದರೆ ಮರುದಿನ ಅಪ್ಪನಿಗೆ ಕೂಲಿ ಇಲ್ಲ, ಅಂಗಡಿಯಲ್ಲಿ ಸಾಮಾನಿಲ್ಲ, ಇಡೀ ಕೇರಿಗೆ ಬಹಿಷ್ಕಾರ. ಈ ಪಟ್ಟನ್ನು ಬಿಡಿಸಿಕೊಳ್ಳುವ ವರಸೆ ಯಾವ ಕೈಪಿಡಿಯಲ್ಲೂ ಇಲ್ಲ, ಯಾವ ಬೆಲ್ಟಿನ ಮಾಸ್ತರಿಗೂ ಗೊತ್ತಿಲ್ಲ.

ಅದಕ್ಕೇ ಇನ್ನೊಂದು ಪುಸ್ತಕದ ಮಾತು ಹೇಳಲೇಬೇಕು. ಈ ದೇಶದಲ್ಲಿ ಜಾತಿ ನೋಡದೆ ಎಲ್ಲರಿಗೂ ಆತ್ಮರಕ್ಷಣೆಯ ಹಕ್ಕು ಬರೆದುಕೊಟ್ಟ ಕೈಪಿಡಿ 1860ರ ದಂಡ ಸಂಹಿತೆ. ಅದರ 96ರಿಂದ 106ರವರೆಗಿನ ಕಲಮುಗಳು ಈಗ, 2024ರ ಜುಲೈ 1ರಿಂದ, ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು. ತನ್ನ ಮೈಯನ್ನೂ ಇನ್ನೊಬ್ಬರ ಮೈಯನ್ನೂ ಕಾಯಲು ಕೈ ಎತ್ತುವುದು ಅಪರಾಧವಲ್ಲ ಅನ್ನುತ್ತವೆ. ಜೊತೆಗೇ ಮಿತಿಯನ್ನೂ ಹೇಳುತ್ತವೆ: ಅಗತ್ಯಕ್ಕಿಂತ ಹೆಚ್ಚು ಹೊಡೆಯಬಾರದು, ಸರ್ಕಾರದ ರಕ್ಷಣೆ ಪಡೆಯಲು ಸಮಯವಿದ್ದರೆ ಈ ಹಕ್ಕೇ ಇಲ್ಲ. ಓದ್ಲಿಕ್ಕೆ ಚಂದ. ಠಾಣೆ ಹನ್ನೆರಡು ಮೈಲಿ ದೂರ ಇದ್ದು, ಠಾಣೆಯ ಫೋನು ಎತ್ತುವವನು ಹೊಡೆದವನ ಸಂಬಂಧಿಕನಾಗಿದ್ದರೆ 'ಸಮಯ' ಅನ್ನುವ ಪದದ ಅರ್ಥ ಏನು? ಹೊಡೆಸಿಕೊಂಡವನು ಒಂದೇಟು ತಿರುಗಿ ಕೊಟ್ಟಿದ್ದರೆ ಸಂಜೆಗೆ ಕೌಂಟರ್ ಕೇಸು ತಯಾರು. ಕಾನೂನೂ ಒಂದು ಚಿತ್ರದ ಕೈಪಿಡಿಯೇ. ಒಂದನೇ ಚಿತ್ರದಲ್ಲಿ ಹಲ್ಲೆ, ಎರಡನೆಯದರಲ್ಲಿ ನ್ಯಾಯ. ನಡುವೆ ಬಿಳಿ ಕಾಗದ.

ಇನ್ನೂ ವಿಚಿತ್ರವಾದದ್ದೊಂದಿದೆ. 1989ರ ದೌರ್ಜನ್ಯ ತಡೆ ಕಾಯ್ದೆಗೆ 1995ರಲ್ಲಿ ನಿಯಮಗಳು ಬಂದವು. ದೌರ್ಜನ್ಯದ ಭಯವಿರುವ ಪ್ರದೇಶಗಳಲ್ಲಿ ದಲಿತೇತರರ ಬಂದೂಕಿನ ಲೈಸೆನ್ಸು ರದ್ದು ಮಾಡಬಹುದು, ಅಗತ್ಯ ಕಂಡರೆ ಪರಿಶಿಷ್ಟ ಜಾತಿ, ಪಂಗಡದವರ ಜೀವ ಆಸ್ತಿ ರಕ್ಷಣೆಗೆ ಅವರಿಗೇ ಲೈಸೆನ್ಸು ಕೊಡಬಹುದು ಎಂದು ಅದರ ಮೂರನೇ ನಿಯಮ ಹೇಳುತ್ತದೆ. ಬಂದೂಕು ಬೇಕು ಅಂತ ನಾನು ವಾದಿಸುತ್ತಿಲ್ಲ. ಬಂದೂಕು ಬಂದ ಕೇರಿ ಬಂದೂಕಿನದೇ ಕೇರಿಯಾಗುತ್ತದೆ. ನಾನು ತೋರಿಸುತ್ತಿರುವುದು ಬರೆದಿಟ್ಟದ್ದಕ್ಕೂ ಗೊತ್ತಿರುವುದಕ್ಕೂ ಇರುವ ದೂರವನ್ನು. ಪ್ರಭುತ್ವವೇ ಇಂಥ ಮಾತು ಬರೆದಿದೆ ಅನ್ನುವುದು ನಮ್ಮ ಎಷ್ಟು ಮಂದಿ ಕಾರ್ಯಕರ್ತರಿಗೆ ಗೊತ್ತು? ಗೊತ್ತುಮಾಡಿಕೊಡುವ ಉಸ್ತಾದ್ ಯಾರು?

2000ದ ಮಾರ್ಚಿನಲ್ಲಿ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟರು. ಹೊರಗಿನಿಂದ ಬೆಂಕಿ ಹಚ್ಚಿದ ಮನೆಯೊಳಗೆ ಇರುವವನಿಗೆ ದಾಂಡಪಟ್ಟವೂ ಇಲ್ಲ, ಕರಾಟೆಯೂ ಇಲ್ಲ. ಮೈಯ ವಿದ್ಯೆ ಎಲ್ಲಿ ನಿಲ್ಲುತ್ತದೆ ಅನ್ನುವುದನ್ನು ಅಂಥ ಬಾಗಿಲು ತೋರಿಸುತ್ತದೆ. ಆಮೇಲೆ ನಡೆದದ್ದೂ ಅಷ್ಟೇ ಮುಖ್ಯ. ಕೋರ್ಟಿನಲ್ಲಿ ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಸಾಕ್ಷಿ ಹೇಳುವುದೂ ಒಂದು ವರಸೆ. ಕಟಕಟೆಯಲ್ಲಿ ನಿಂತಾಗ ಎದುರಿನ ವಕೀಲ ಒಳಗೆ ನುಗ್ಗುತ್ತಾನೆ, ಹೆಜ್ಜೆ ತಪ್ಪಿಸುತ್ತಾನೆ. ಹೊರಗೆ ಊರಿನ ಯಜಮಾನ ಕಾದಿರುತ್ತಾನೆ. ಅದಕ್ಕೂ ಒಬ್ಬ ಜೊತೆಗಾರ ಬೇಕು, ಮುಂಚೆಯೇ ಎದುರು ನಿಂತು ಕೇಳಿ ಕೇಳಿ ಗಟ್ಟಿ ಮಾಡುವವನು. ಕೇರಿಯ ಸಮುದಾಯ ಭವನದಲ್ಲಿ ಸಂಜೆ ಏಳರ ಮೇಲೆ, ಕೂಲಿ ಮುಗಿಸಿ ಬಂದವರ ನಡುವೆ ಕೂತು ಎಫ್‌ಐಆರ್‌ನಲ್ಲಿ ಏನು ಬರೆಸಬೇಕು, ಜಾತಿ ಹಿಡಿದು ಬೈದ ಮಾತನ್ನು ಹೇಗಿದೆಯೋ ಹಾಗೇ ಬರೆಸುವುದು ಯಾಕೆ ಮುಖ್ಯ, ಗಾಯದ ಸರ್ಟಿಫಿಕೇಟು ಯಾವ ಆಸ್ಪತ್ರೆಯದು, ಯಾವ ದಿನದ ಒಳಗೆ ಅಂತ ಹೇಳಿಕೊಡುವವರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಕೆಲವರು ಬರೀ ಎಸ್ಸೆಸ್ಸೆಲ್ಸಿ ಓದಿದವರು. ಅವರ ಕೈಯಲ್ಲಿ ಕಾಯ್ದೆಯ ಪುಸ್ತಕ ಇರುತ್ತದೆ, ಅಂಚು ಹರಿದು, ಪೆನ್ಸಿಲಿನ ಗೀಟು ತುಂಬಿ. ಒಂದು ಸಾಲು ಓದುತ್ತಾರೆ, ಪುಸ್ತಕ ಮಡಿಸುತ್ತಾರೆ, ಎದುರು ಕೂತವನನ್ನು ಎಬ್ಬಿಸಿ ನಿಲ್ಲಿಸಿ ಕೇಳುತ್ತಾರೆ: 'ಈಗ ನಾನು ಸಬ್‌ಇನ್‌ಸ್ಪೆಕ್ಟರು. ಏನಪ್ಪಾ, ಯಾತಕ್ಕೆ ಬಂದೆ? ಹೇಳು.'